ಹಳಿಗೂ ಬಿಡುವು ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ರೈಲಿನ ಮಾತು ಬಂದರೆ ಈಗ ಎಲ್ಲರ ಬಾಯಲ್ಲೂ ವಂದೇ ಭಾರತ್, ಬುಲೆಟ್ ಟ್ರೇನ್, ಹೊಸದಾಗಿ ಕಟ್ಟಿದ ಸ್ಟೇಷನ್ನುಗಳು. ಅವೆಲ್ಲ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಗಾಡಿಯ ಬಗ್ಗೆ ಅಲ್ಲ, ಅದರ ಕೆಳಗಿನ ಹಳಿಯ ಬಗ್ಗೆ. ನಮ್ಮ ರೈಲ್ವೆಗೆ ಒಂದು ಕಾಲದಲ್ಲಿ ದುಡ್ಡಿನ ಬರ ಇತ್ತು. ಈಗ ಕೇಂದ್ರ ಬಜೆಟ್‌ನಿಂದಲೇ ವರ್ಷಕ್ಕೆ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಬಂಡವಾಳ ಬರುತ್ತಿದೆ. ಬರ ಬಂದಿರುವುದು ಬೇರೆ ಒಂದಕ್ಕೆ. ಹಳಿಯ ಮೇಲೆ ಖಾಲಿ ಸಮಯ ಇಲ್ಲ.

ಒಂದೇ ಹಳಿ ಇರುವ ದಾರಿಯನ್ನು ನೋಡಿ. ಎರಡು ಕಡೆಯಿಂದಲೂ ಗಾಡಿ ಬರಬೇಕು. ಎದುರುಬದುರಾಗುವುದು ಸ್ಟೇಷನ್ನಿನಲ್ಲಿ ಮಾತ್ರ ಸಾಧ್ಯ. ಹಾಗಾಗಿ ಒಂದು ಗಾಡಿ ಪಕ್ಕದ ಹಳಿಗೆ, ಅಂದರೆ ಲೂಪ್ ಲೈನಿಗೆ ಹೋಗಿ ನಿಲ್ಲುತ್ತದೆ, ಇನ್ನೊಂದು ದಾಟಿ ಹೋಗುತ್ತದೆ. ಇದಕ್ಕೇ 'ಕ್ರಾಸಿಂಗ್ ಇದೆ' ಅನ್ನುವುದು, ಪ್ಯಾಸೆಂಜರ್ ಗಾಡಿಯಲ್ಲಿ ಓಡಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂಥ ದಾರಿಗೆ ಇನ್ನೊಂದು ವೇಗದ ಗಾಡಿ ಸೇರಿಸಿದಿರಿ ಅಂದುಕೊಳ್ಳಿ. ಅದಕ್ಕೆ ದಾರಿ ಬಿಡಲು ನಾಲ್ಕು ನಿಧಾನದ ಗಾಡಿಗಳು ಎಲ್ಲೋ ಕಾಯಬೇಕಾಗುತ್ತದೆ, ಮತ್ತು ಆ ನಾಲ್ಕರಲ್ಲಿ ಇರುವವರು ಸಾಮಾನ್ಯವಾಗಿ ಜನರಲ್ ಬೋಗಿಯ ಜನ, ದಿನಾ ಕೆಲಸಕ್ಕೆ ಹೋಗಿ ಬರುವವರು. 2019ರಲ್ಲಿ ದೆಹಲಿ–ವಾರಾಣಸಿ ನಡುವೆ ಮೊದಲ ವಂದೇ ಭಾರತ್ ಹೊರಟಾಗ ಅದು ಗಂಟೆಗೆ 180 ಕಿ.ಮೀ. ಓಡಬಲ್ಲದು ಅಂತ ಪರೀಕ್ಷೆಯಲ್ಲೇ ತೋರಿಸಿತ್ತು. ಈಗ ಬಹುಪಾಲು ಕಡೆ ಅದು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಗಾಡಿಯಲ್ಲಿ ದೋಷ ಇಲ್ಲ. ಮುಂದೆ ಗೂಡ್ಸ್ ಇದೆ, ತಿರುವು ಇದೆ, ಹಳಿಗೆ ಹಾಕಿದ ವೇಗದ ಮಿತಿ ಇದೆ.

ಆದ್ದರಿಂದಲೇ ಡಬ್ಲಿಂಗ್ ಅನ್ನುವ ಕೆಲಸಕ್ಕೆ ನಾನು ಇಷ್ಟು ಬೆಲೆ ಕೊಡುವುದು. ಯಾರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದಿಲ್ಲ, ಆದರೆ ಎರಡನೇ ಹಳಿ ಬಿದ್ದ ದಿನ ಆ ದಾರಿಯ ಎಲ್ಲ ಗಾಡಿಗಳ ಟೈಮೂ ಬದಲಾಗುತ್ತದೆ. ಬೆಂಗಳೂರು–ಮೈಸೂರು ದಾರಿ ನೆನಪಿದೆಯಲ್ಲ? ಎಷ್ಟೋ ಕಡೆ ಎರಡನೇ ಹಳಿ ಮುಗಿದಿದ್ದರೂ ಶ್ರೀರಂಗಪಟ್ಟಣದಲ್ಲಿ ಕೆಲಸ ನಿಂತಿತ್ತು. ದಾರಿಗೆ ಅಡ್ಡ ಇದ್ದದ್ದು ಟಿಪ್ಪು ಕಾಲದ ಮದ್ದುಗುಂಡಿನ ಮನೆ. ಅದನ್ನು ಒಡೆಯಲಿಲ್ಲ. 2017ರಲ್ಲಿ, ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಅಡಿಯಿಂದ ಬಿಡಿಸಿ, ಜಾಕ್‌ಗಳ ಮೇಲೆ ಎತ್ತಿ, ನೂರು ಮೀಟರಿಗೂ ದೂರ ಇಡಿಯಾಗಿ ಸರಿಸಿ ಕೂರಿಸಿದರು. ಗೋಡೆ ಉಳಿಯಿತು, ಹಳಿಯೂ ಬಂತು. ಮನಸ್ಸು ಮಾಡಿದರೆ ನಮ್ಮ ಎಂಜಿನಿಯರುಗಳ ಕೈಲಿ ಏನು ಆಗುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ? ಚೆನಾಬ್ ನದಿಯಿಂದ 359 ಮೀಟರ್ ಎತ್ತರದಲ್ಲಿ ಸೇತುವೆ ಕಟ್ಟಿ, 272 ಕಿ.ಮೀ. ಉದ್ದದ ಉಧಂಪುರ–ಶ್ರೀನಗರ–ಬಾರಾಮುಲ್ಲಾ ದಾರಿಯನ್ನು 2025ರ ಜೂನ್‌ನಲ್ಲಿ ಪೂರ್ತಿ ಮಾಡಿದವರೂ ಇವರೇ. ಬ್ರಾಡ್‌ಗೇಜ್, ಅಂದರೆ ಅಗಲದ ಹಳಿಗೆ ಹೆಚ್ಚುಕಮ್ಮಿ ಎಲ್ಲ ಕಡೆ ಕರೆಂಟ್ ಬಂದಿದೆ. 2019ರ ಹೊತ್ತಿಗೆ ಬ್ರಾಡ್‌ಗೇಜಿನಲ್ಲಿ ಕಾವಲಿಲ್ಲದ ಲೆವೆಲ್ ಕ್ರಾಸಿಂಗ್ ಒಂದೂ ಉಳಿಯಲಿಲ್ಲ. ಇದು ಎಷ್ಟು ಜೀವ ಉಳಿಸಿದೆ ಅನ್ನುವುದನ್ನು ನಾವು ಸಾಕಷ್ಟು ಹೇಳಿಕೊಂಡಿಲ್ಲ.

ಇನ್ನು ರೈಲ್ವೆಗೆ ಅನ್ನ ಹಾಕುವುದು ಯಾವುದು? ನಾವು ಕೊಡುವ ಟಿಕೆಟ್ ದುಡ್ಡಲ್ಲ. ನಮ್ಮನ್ನು ಸಾಗಿಸಲು ಆಗುವ ಖರ್ಚಿನಲ್ಲಿ ಟಿಕೆಟ್ಟಿನಿಂದ ಬರುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ. ಉಳಿದದ್ದನ್ನು ತುಂಬುವುದು ಗೂಡ್ಸ್. ಈಗ ವರ್ಷಕ್ಕೆ 160 ಕೋಟಿ ಟನ್ನಿಗೂ ಜಾಸ್ತಿ ಸರಕು ಸಾಗುತ್ತಿದೆ, ಅದರಲ್ಲಿ ಅರ್ಧದಷ್ಟು ಬರೀ ಕಲ್ಲಿದ್ದಲು. ಸ್ವಲ್ಪ ಯೋಚಿಸಿ. ದೇಶ ಬಿಸಿಲು, ಗಾಳಿಯ ಕರೆಂಟಿನ ಕಡೆ ಹೊರಟಿದೆ, ಹೊರಡಲೇಬೇಕು. ಕಲ್ಲಿದ್ದಲು ಕಡಿಮೆಯಾದ ದಿನ ಬಡವನ ಟಿಕೆಟ್ಟಿನ ಖರ್ಚನ್ನು ಯಾರು ತುಂಬುತ್ತಾರೆ? ಸಿಮೆಂಟು, ಕಾರು, ಕಂಟೇನರು, ತರಕಾರಿ, ಕೊರಿಯರ್ ಡಬ್ಬ, ಇವನ್ನೆಲ್ಲ ಲಾರಿಯಿಂದ ರೈಲಿಗೆ ತರಬೇಕು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದ ಸರಕಿನ ಬಹುಪಾಲು ರೈಲಿನಲ್ಲೇ ಹೋಗುತ್ತಿತ್ತು, ಈಗ ಕಾಲು ಭಾಗದ ಆಸುಪಾಸು. ವ್ಯಾಪಾರಿಗೆ ರೈಲು ಅಗ್ಗ ಅಂತ ಗೊತ್ತು. ಆದರೆ ಸರಕು ಯಾವತ್ತು ತಲುಪುತ್ತದೆ ಅನ್ನುವುದು ಗೊತ್ತಿಲ್ಲ, ಅದಕ್ಕೇ ಅವನು ಲಾರಿ ಕರೆಯುತ್ತಾನೆ. ಯಾಕೆಂದರೆ ಗೂಡ್ಸ್ ಗಾಡಿ ಎಲ್ಲ ಪ್ರಯಾಣಿಕರ ಗಾಡಿಗಳಿಗೂ ದಾರಿ ಬಿಟ್ಟು ಬಿಟ್ಟು, ಸರಾಸರಿ ಗಂಟೆಗೆ 25 ಕಿ.ಮೀ. ಲೆಕ್ಕದಲ್ಲಿ ತೆವಳುತ್ತದೆ.

ಇದಕ್ಕೆ ಹುಡುಕಿದ ಉತ್ತರವೇ ಸರಕಿಗೆಂದೇ ಬೇರೆ ಹಳಿ. ಪೂರ್ವದ ಕಾರಿಡಾರ್ ಪಂಜಾಬಿನ ಲುಧಿಯಾನದಿಂದ ಬಿಹಾರದ ಸೋನ್‌ನಗರಕ್ಕೆ, 1337 ಕಿ.ಮೀ. ಪಶ್ಚಿಮದ್ದು ದೆಹಲಿ ಪಕ್ಕದ ದಾದ್ರಿಯಿಂದ ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿಗೆ, 1506 ಕಿ.ಮೀ. ಕಂಟೇನರಿನ ಮೇಲೆ ಕಂಟೇನರು ಪೇರಿಸಿಕೊಂಡು, ಮೇಲೆ ವಿದ್ಯುತ್ ತಂತಿ ಇರುವಾಗಲೇ ಗಾಡಿ ಓಡುತ್ತದೆ. ಇದಕ್ಕಾಗಿ ಸಂಸ್ಥೆ ಹುಟ್ಟಿದ್ದು 2006ರಲ್ಲಿ. ಪೂರ್ವದ್ದು ಮುಗಿದಿದೆ. ಪಶ್ಚಿಮದ್ದರಲ್ಲಿ ಎಲ್ಲಕ್ಕಿಂತ ತಡವಾದದ್ದು ಬಂದರಿನ ತುದಿ, ಅಂದರೆ ಯಾವ ತುದಿಗಾಗಿ ಇಡೀ ದಾರಿ ಕಟ್ಟಿದರೋ ಅದೇ. ಆದರೂ ಹೇಳುತ್ತೇನೆ, ಈ 20 ವರ್ಷಗಳಲ್ಲಿ ರೈಲ್ವೆ ಕೈಹಾಕಿದ ಕೆಲಸಗಳಲ್ಲಿ ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು, ಬುಲೆಟ್ ಟ್ರೇನಿಗಿಂತಲೂ ದೊಡ್ಡದು. ಗೂಡ್ಸ್ ಆ ಕಡೆ ಹೋದರೆ ಹಳೆ ಹಳಿ ನಮಗೆ ಬಿಡುವಾಗುತ್ತದೆ. ದಕ್ಷಿಣಕ್ಕೆ ಇಂಥದ್ದು ಇನ್ನೂ ಬಂದಿಲ್ಲ. ಅದನ್ನು ನಾವು ಜೋರಾಗಿ ಕೇಳಬೇಕು.

ನಮ್ಮ ರಾಜ್ಯದ ಯೋಜನೆಗಳಿಗೆ ಬರೋಣ. ಬೀದರ್–ಕಲಬುರಗಿ ಹಳಿ, ಬರೀ 110 ಕಿ.ಮೀ. ಮಂಜೂರಾದದ್ದು 1990ರ ದಶಕದಲ್ಲಿ, ಗಾಡಿ ಓಡಿದ್ದು 2017ರಲ್ಲಿ. ಮಂಜೂರಾದ ವರ್ಷ ಹುಟ್ಟಿದ ಮಗು ಅಷ್ಟು ಹೊತ್ತಿಗೆ ಕಾಲೇಜು ಮುಗಿಸಿ ಕೆಲಸ ಹುಡುಕಿಕೊಂಡು ಬಸ್ಸಿನಲ್ಲೇ ಹೋಗಿರುತ್ತದೆ. ಯಾಕೆ ಹೀಗಾಯಿತು ಅಂದರೆ, ಆಗೆಲ್ಲ ರೈಲ್ವೆಗೆ ಬೇರೆ ಬಜೆಟ್ ಇತ್ತು, ಪ್ರತಿ ವರ್ಷ ಹೊಸ ಹೊಸ ದಾರಿ ಘೋಷಿಸುವುದು, ಒಂದೊಂದಕ್ಕೂ ಚೂರು ಚೂರು ದುಡ್ಡು ಇಡುವುದು. ಹತ್ತು ಕೆಲಸ ಶುರುವಾಗಿ ಹತ್ತೂ ಅರ್ಧಕ್ಕೆ ನಿಲ್ಲುತ್ತಿದ್ದವು. 2017ರಿಂದ ಆ ಬೇರೆ ಬಜೆಟ್ ಇಲ್ಲ. ದುಡ್ಡೂ ಬರುತ್ತಿದೆ. ಈಗ ತಡ ಆಗುತ್ತಿರುವುದು ಜಮೀನಿನಿಂದ. ಕರ್ನಾಟಕದ ಎಷ್ಟೋ ಯೋಜನೆಗಳಲ್ಲಿ ಅರ್ಧ ಖರ್ಚು ರಾಜ್ಯದ್ದು, ಜಮೀನು ಬಿಡಿಸಿ ಕೊಡುವುದೂ ರಾಜ್ಯದ ಕೆಲಸ. ತುಮಕೂರು–ದಾವಣಗೆರೆ, ಗದಗ–ವಾಡಿ, ಬಾಗಲಕೋಟೆ–ಕುಡಚಿ, ಯಾವುದನ್ನೇ ತೆಗೆದುಕೊಳ್ಳಿ, ವರ್ಷಗಟ್ಟಲೆ ಕೇಳಿದ ಕಥೆ ಇದೇ. ಬೆಂಗಳೂರನ್ನು ಕೇಳಿದರೆ ಕೇಂದ್ರ ಕೊಡಲಿಲ್ಲ ಅನ್ನುತ್ತದೆ, ದೆಹಲಿಯನ್ನು ಕೇಳಿದರೆ ರಾಜ್ಯ ಜಮೀನು ಕೊಡಲಿಲ್ಲ ಅನ್ನುತ್ತದೆ. ಸರ್ವೆ ಕಲ್ಲು ನೆಟ್ಟ ಹೊಲದ ರೈತ ಮಾತ್ರ ಆ ಜಮೀನನ್ನು ಮಾರಲೂ ಆಗದೆ, ಬಾವಿ ತೋಡಲೂ ಆಗದೆ ಕೂತಿರುತ್ತಾನೆ.

ಹುಬ್ಬಳ್ಳಿ–ಅಂಕೋಲಾ ಬೇರೆ ಥರದ್ದು. ಅಲ್ಲಿ ಪಶ್ಚಿಮ ಘಟ್ಟದ ಕಾಡು ಇದೆ. ಆ ಕಾಡು ಹೋದರೆ ಮತ್ತೆ ಬೆಳೆಸುತ್ತೇವೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಕಾಡು ಕಡಿಯಬಾರದು ಅಂತಾದರೆ ಆಗಲ್ಲ ಅಂತ ಹೇಳಿಬಿಡಿ. ಕಾಲು ಶತಮಾನಕ್ಕೂ ಜಾಸ್ತಿ ಎರಡೂ ಜಿಲ್ಲೆಯ ಜನರನ್ನು ಆಸೆಯಲ್ಲಿ ಇಡಬೇಡಿ.

ಬೆಂಗಳೂರು ಉಪನಗರ ರೈಲು? 1980ರ ದಶಕದಿಂದ ಮಾತು. ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ, 148 ಕಿ.ಮೀ., ನಾಲ್ಕು ದಾರಿ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಚಂದದ ಹೆಸರು. 2022ರ ಜೂನ್‌ನಲ್ಲಿ ಅಡಿಗಲ್ಲು ಹಾಕಿ 40 ತಿಂಗಳಲ್ಲಿ ಮಾಡುತ್ತೇವೆ ಅಂದರು. ಆ 40 ತಿಂಗಳು ಕಳೆದವು, ಒಂದು ದಾರಿಯಲ್ಲೂ ಗಾಡಿ ಓಡಲಿಲ್ಲ. ಟ್ರಾಫಿಕ್‌ನಲ್ಲಿ ಸಾಯುತ್ತಿರುವ ಊರಿಗೆ ಇದು ನಿಜವಾಗಿ ಅನ್ಯಾಯ.

ಕೊನೆಗೆ, ನನಗೆ ತುಂಬ ಮುಖ್ಯ ಅನ್ನಿಸುವ ವಿಷಯ. ಬೆಳಿಗ್ಗೆ ಬೇಗ ಎದ್ದು ಹಳಿಯ ಪಕ್ಕ ಒಬ್ಬ ಮನುಷ್ಯ ನಡೆದು ಹೋಗುವುದನ್ನು ನೀವು ಕಿಟಕಿಯಿಂದ ನೋಡಿರುತ್ತೀರಿ. ಹೆಗಲಿಗೆ ಉದ್ದದ ಸ್ಪ್ಯಾನರ್, ಕೈಯಲ್ಲಿ ಸುತ್ತಿಗೆ, ಕೆಂಪು ಬಾವುಟ. ಅವರು ಕೀಮ್ಯಾನ್. ಹಳಿಯನ್ನು ಅದರ ಅಡಿಯ ಅಡ್ಡಪಟ್ಟಿಗೆ, ಅಂದರೆ ಸ್ಲೀಪರಿಗೆ ಹಿಡಿದಿಡುವ ಕ್ಲಿಪ್ಪುಗಳು ಸಡಿಲ ಆಗಿವೆಯಾ, ಬೆಸುಗೆ ಬಿಟ್ಟಿದೆಯಾ ಅಂತ ಕಿಲೋಮೀಟರುಗಟ್ಟಲೆ ನೋಡುತ್ತಾ, ಬಿಟ್ಟ ಕ್ಲಿಪ್ಪನ್ನು ಬಡಿದು ಕೂರಿಸುತ್ತಾ ಹೋಗುತ್ತಾರೆ. ದೊಡ್ಡ ರಿಪೇರಿಯಾದರೆ ಹಳಿ ಕೆಲಸಗಾರರ ಗ್ಯಾಂಗ್ ಬರಬೇಕು, ಮೆಷಿನ್ ಬರಬೇಕು, ಅಷ್ಟು ಹೊತ್ತು ಗಾಡಿಗಳನ್ನು ನಿಲ್ಲಿಸಬೇಕು. ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಮೂರು ಗಂಟೆ ಬ್ಲಾಕ್ ಕೇಳಿದರೆ ಒಂದು ಗಂಟೆ ಸಿಗುವಷ್ಟು ಗಾಡಿ ತುಂಬಿಸಿದ ದಾರಿಯಲ್ಲಿ ರಿಪೇರಿ ಹೇಗೆ ಆಗಬೇಕು? ಹಳಿಯ ಸ್ಥಿತಿ ಅಳೆಯುವ ಗಾಡಿಗಳು ಮಾಡಬೇಕಿದ್ದ ಪರೀಕ್ಷೆಗಳಲ್ಲಿ ಶೇ 30ರಿಂದ ಶೇ 100ರವರೆಗೆ ಕೊರತೆ ಇತ್ತು ಅಂತ ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ 2022ರ ವರದಿಯೇ ಹೇಳಿತು.

2023ರ ಜೂನ್ 2ರ ಒಡಿಶಾದ ಬಾಲಸೋರ್ ರೈಲು ಅಪಘಾತ ಮರೆಯಲು ಆಗುವುದಿಲ್ಲ. 290ಕ್ಕೂ ಹೆಚ್ಚು ಜನ ಹೋದರು. ಕೋರಮಂಡಲ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಹಸಿರು ಇತ್ತು, ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ಮಾತ್ರ ಲೂಪ್ ಲೈನಿಗೆ ತಿರುಗಿತ್ತು, ಅಲ್ಲಿ ಅದಿರು ತುಂಬಿದ ಗೂಡ್ಸ್ ನಿಂತಿತ್ತು. ಲೆವೆಲ್ ಕ್ರಾಸಿಂಗ್ ಗೇಟಿನ ಕೆಲಸದಲ್ಲಿ ಆದ ತಪ್ಪು ವೈರಿಂಗ್, ಅದನ್ನು ಸರಿಯಾಗಿ ಪರೀಕ್ಷಿಸದೆ ಬಿಟ್ಟದ್ದು ಇದಕ್ಕೆ ಕಾರಣ ಅಂತ ತನಿಖೆ ಹೇಳಿತು. ಗಾಡಿಗಳು ಡಿಕ್ಕಿ ಹೊಡೆಯದಂತೆ ತಡೆಯುವ ನಮ್ಮದೇ 'ಕವಚ' ಒಳ್ಳೆಯ ವ್ಯವಸ್ಥೆ, 2020ರಲ್ಲೇ ಅದನ್ನು ಇಡೀ ದೇಶಕ್ಕೆ ಅಂತ ಆರಿಸಿಕೊಂಡಿದ್ದೇವೆ, ಬೇಗ ಹಾಕಬೇಕು. ಆದರೆ ಸಿಗ್ನಲ್ ವೈರೇ ತಪ್ಪು ಹೇಳಿದರೆ ಕವಚವೂ ಅದನ್ನೇ ನಂಬುತ್ತದೆ. ಕೆಲಸ ಮುಗಿಸಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಲು ಆ ಸಿಬ್ಬಂದಿಗೆ ಒಂದು ಗಂಟೆ ಜಾಸ್ತಿ ಸಿಗಬೇಕು, ಅಲ್ವಾ?

ಹೊಸ ಗಾಡಿ ಬಿಡುವ ಮೊದಲು ಆ ದಾರಿಯಲ್ಲಿ ದಿನಕ್ಕೆ ಇಷ್ಟು ಗಂಟೆ ರಿಪೇರಿಗೆ ಅಂತ ಟೈಮ್‌ಟೇಬಲ್‌ನಲ್ಲೇ ಬರೆದಿಡಲಿ. ಯಾರು ಒತ್ತಡ ಹಾಕಿದರೂ ಅದನ್ನು ಕಿತ್ತುಕೊಳ್ಳಬಾರದು. ಖಾಲಿ ಇರುವ ಗ್ಯಾಂಗ್‌ಮನ್, ಸಿಗ್ನಲ್ ಸಿಬ್ಬಂದಿಯ ಹುದ್ದೆಗಳನ್ನು ತುಂಬಲಿ. ನಿಮ್ಮ ಊರಿಗೆ ಸಂಸದರು ಬಂದಾಗ ನಮ್ಮೂರಲ್ಲಿ ಯಾವ ಗಾಡಿ ನಿಲ್ಲಿಸುತ್ತೀರಿ ಅಂತ ಕೇಳಿ, ಖಂಡಿತ ಕೇಳಿ. ಜೊತೆಗೆ ನಮ್ಮ ದಾರಿಗೆ ಎರಡನೇ ಹಳಿ ಯಾವಾಗ, ದಿನಕ್ಕೆ ಎಷ್ಟು ಗಂಟೆ ಬ್ಲಾಕ್ ಸಿಗುತ್ತಿದೆ ಅಂತಲೂ ಕೇಳಿ.

ನಮಸ್ಕಾರ.