ಸ್ಲೈಡ್ ತೊಳೆದ ನೀರು ಯಾವುದು?

(ಕೋಲಾರದಲ್ಲಿ ಮಾಜಿ ಸೈನಿಕರು ಮತ್ತು ಲ್ಯಾಬ್ ಟೆಕ್ನಾಲಜಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಮುಂದಿನ ಸಾಲಲ್ಲಿ ಕೂತಿರುವ ಮಾಜಿ ಸೈನಿಕರಿಗೂ, ಬಾಗಿಲ ಹತ್ತಿರವೇ ಜಾಗ ಹಿಡಿದಿರುವ ವಿದ್ಯಾರ್ಥಿಗಳಿಗೂ ನಮಸ್ಕಾರ.

ಸೇನೆಯ ಆಸ್ಪತ್ರೆ, ಲ್ಯಾಬುಗಳಲ್ಲಿ ದುಡಿದವರ ನೆನಪುಗಳನ್ನು ಕೇಳಿ ದಾಖಲಿಸಿಕೊಳ್ಳಿ, ಇವತ್ತಿನ ನನ್ನ ಮಾತು ಇಷ್ಟೇ. ಮೊದಲು ಮಕ್ಕಳನ್ನೇ ಕೇಳುತ್ತೇನೆ. ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಸವರಿದ ರಕ್ತಕ್ಕೆ, ಅಂದರೆ ಸ್ಮಿಯರ್‌ಗೆ, ದಿನಾ ಲೀಷ್‌ಮನ್ ಸ್ಟೇನ್ ಅನ್ನುವ ಬಣ್ಣ ಹಾಕುತ್ತೀರಲ್ಲ, ಆ ಲೀಷ್‌ಮನ್ ಯಾರು? ಬ್ರಿಟಿಷ್ ಸೇನೆಯ ಡಾಕ್ಟರು. ಕಲ್ಕತ್ತೆಯ ಬಳಿ ಡಮ್‌ಡಮ್‌ನಲ್ಲಿ ಕಾಯಿಲೆ ಬಿದ್ದು ಇಂಗ್ಲೆಂಡಿನಲ್ಲಿ ತೀರಿಹೋದ ಸಿಪಾಯಿಯೊಬ್ಬನ ಗುಲ್ಮದಲ್ಲಿ ಕಾಲಾ ಅಜಾರ್ ಎಂಬ ಜ್ವರದ ರೋಗಾಣುವನ್ನು ಕಂಡು, 1903ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮದರಾಸಿನಲ್ಲಿ ಡೊನೊವಾನ್ ಎಂಬ ವೈದ್ಯರು ಕೂಡ ಅದನ್ನು ಕಂಡರು. ಅಂದರೆ ನಿಮ್ಮ ರ್‍ಯಾಕಿನ ಮೇಲಿನ ಬಾಟಲಿಗೂ ಪಟಾಲಮ್ಮಿಗೂ ನಂಟು ಹಳೆಯದು.

ಇನ್ನು ರೊನಾಲ್ಡ್ ರಾಸ್. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣು ಕಂಡುಹಿಡಿದ ಸೇನಾ ವೈದ್ಯ. ಆ ಸೊಳ್ಳೆಗಳಿಗೆ ಮೈಯೊಡ್ಡಿ ಕಚ್ಚಿಸಿಕೊಂಡ ರೋಗಿ ಹುಸೇನ್ ಖಾನ್. ಕೂಲಿ, ಸೊಳ್ಳೆಗೆ ಒಂದಾಣೆ. ಅವನ ಬಗ್ಗೆ ನಮಗೆ ತಿಳಿದಿರುವುದೆಲ್ಲ ರಾಸ್ ಬರೆದಿಟ್ಟದ್ದು. ರಾಸ್‌ಗೆ ನೊಬೆಲ್ ಬಂತು. ಜ್ವರದಲ್ಲಿ ಸೊಳ್ಳೆಪರದೆಯೊಳಗೆ ಮಲಗಿದ್ದವನಿಗೆ ಏನನ್ನಿಸಿತ್ತು?

ನೆನಪು ಯಾಕೆ, ಸ್ಲೈಡು, ಅಂಗದ ಚೂರಿನಂಥ ವಸ್ತು ಉಳಿದರೆ ಸಾಕಲ್ಲವೇ ಎನ್ನುವವರಿದ್ದಾರೆ. ವಸ್ತುವಿನ ಶಕ್ತಿ ದೊಡ್ಡದು, ಒಪ್ಪುತ್ತೇನೆ. 1918ರ ಇನ್‌ಫ್ಲುಯೆಂಜಾದಲ್ಲಿ ಸತ್ತ ಅಮೆರಿಕದ ಸೈನಿಕನೊಬ್ಬನ ಶ್ವಾಸಕೋಶದ ಚೂರು ಕೆಡದಂತೆ ಕಾಪಾಡುವ ಫಾರ್ಮಾಲಿನ್ ಕುಡಿದು, ಮೇಣದ ಬ್ಲಾಕಾಗಿ ಅಲ್ಲಿನ ಸೇನಾ ಪೆಥಾಲಜಿ ಸಂಸ್ಥೆಯಲ್ಲಿ ಕೂತಿತ್ತು. ಅದರಿಂದಲೇ ವಿಜ್ಞಾನಿ ಟಾಬೆನ್‌ಬರ್ಗರ್ ಅವರ ತಂಡ 1997ರಲ್ಲಿ ಆ ವೈರಸ್ಸಿನ ಜೀನ್ ತುಣುಕುಗಳನ್ನು ಓದಿತು. ಆದರೆ ದಿನಕ್ಕಿಷ್ಟು ಹೆಣ ಬರುತ್ತಿದ್ದಾಗ ಶವಪರೀಕ್ಷೆಯ ಕೋಣೆಯಲ್ಲಿ ಕೆಲಸ ಹೇಗೆ ಸಾಗಿತು ಅನ್ನುವುದನ್ನು ಬ್ಲಾಕ್ ಹೇಳುವುದಿಲ್ಲ.

ನಮ್ಮದೇ ಉದಾಹರಣೆ ನೋಡಿ. ಚೀನಾದೊಂದಿಗಿನ 1962ರ ಯುದ್ಧದಲ್ಲಿ ಬಯಲುಸೀಮೆಯ ಹುಡುಗರನ್ನು ಏಕಾಏಕಿ ಹಿಮಾಲಯಕ್ಕೆ ಹತ್ತಿಸಿದರು. ಕೆಲವರಿಗೆ ತಲೆನೋವು, ವಾಂತಿ. ಕೆಲವರಿಗೆ ಶ್ವಾಸಕೋಶದಲ್ಲೇ ನೀರು. ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಈ ಎತ್ತರದ ಕಾಯಿಲೆಗೆ ಸಿಕ್ಕ 1,925 ಸೈನಿಕರನ್ನು ಗಮನಿಸಿ 1969ರಲ್ಲಿ ಬರೆದ ಲೇಖನವನ್ನು ಜಗತ್ತು ಇವತ್ತಿಗೂ ಉಲ್ಲೇಖಿಸುತ್ತದೆ. ಆ 1,925ರಲ್ಲಿ ಒಬ್ಬರು ಈ ಜಿಲ್ಲೆಯ ಯಾವುದೋ ಹಳ್ಳಿಯ ಜಗಲಿ ಮೇಲೆ ಕೂತಿರಬಾರದೇಕೆ? ಕೂತಿದ್ದರೆ ವಯಸ್ಸು ಎಂಬತ್ತು ದಾಟಿದೆ.

ಹಾಗಾಗಿ ಕರ್ನಲ್ ಡಾಕ್ಟರನ್ನಷ್ಟೇ ಹುಡುಕಬೇಡಿ. ಅವರು ಬರೆದಿರುತ್ತಾರೆ. ನರ್ಸಿಂಗ್ ಅಸಿಸ್ಟೆಂಟ್, ಲ್ಯಾಬ್ ಅಸಿಸ್ಟೆಂಟ್, ಆಂಬುಲೆನ್ಸ್ ಡ್ರೈವರ್, ಇವರ ಹತ್ತಿರ ಹೋಗಿ. ಹೋದವರು 'ನಿಮ್ಮ ಅನುಭವ ಹೇಳಿ' ಅಂದರೆ ಆಯಿತು, 'ದೇಶಸೇವೆ, ಹೆಮ್ಮೆ' ಅಂತ ಎರಡು ಮಾತಾಡಿ ಕಾಫಿ ತರಿಸುತ್ತಾರೆ. ಕೈಕೆಲಸ ಕೇಳಿ. ಕರೆಂಟಿಲ್ಲದ ಕಡೆ ಮೈಕ್ರೋಸ್ಕೋಪಿಗೆ ಬೆಳಕು ಎಲ್ಲಿಂದ? ಅದರ ಕನ್ನಡಿಯನ್ನು ಯಾವ ಕಡೆ ತಿರುಗಿಸುತ್ತಿದ್ರಿ? ಸ್ಲೈಡ್ ತೊಳೆದ ನೀರು ಯಾವುದು?

ಕೊನೆಯ ಪ್ರಶ್ನೆ ತಮಾಷೆಯದಲ್ಲ. ಲೀಷ್‌ಮನ್ ಸ್ಟೇನಿಗೆ ನೀರು ಕ್ಷಾರವಾದರೆ ಸ್ಮಿಯರ್ ನೀಲಿಗಟ್ಟುತ್ತದೆ, ಹುಳಿಯಾದರೆ ಕೆಂಪೇರುತ್ತದೆ. ನಮ್ಮ ಬೋರ್‌ವೆಲ್ ನೀರಿನ ಗುಣ ನಿಮಗೆ ನಾನು ಹೇಳಬೇಕಾಗಿಲ್ಲ. ಮರುಭೂಮಿಯಲ್ಲಿ, ಹಿಮ ಕರಗಿಸಿ ಕುಡಿಯುವ ಪೋಸ್ಟಿನಲ್ಲಿ ಏನು ಮಾಡಿದರು? ರಿಪೋರ್ಟಿನಲ್ಲಿ 'ಎಂ.ಪಿ. ಪಾಸಿಟಿವ್', ಅಂದರೆ ಮಲೇರಿಯಾ ರೋಗಾಣು ಇದೆ, ಅಂತಷ್ಟೇ ಇರುತ್ತದೆ. ಕೇಳಿದರೆ ತಾತ ಎದ್ದು ನಿಂತು, ಎರಡು ಬೆರಳಲ್ಲಿ ಇಲ್ಲದ ಸ್ಲೈಡನ್ನು ಹಿಡಿದು ಓರೆ ಮಾಡಿ ತೋರಿಸುತ್ತಾರೆ. ಆದ್ದರಿಂದ ಆಡಿಯೋ ಸಾಲದು, ಕೈ ಕಾಣುವ ಹಾಗೆ ವಿಡಿಯೋ ಇರಲಿ.

ಭಾಷೆ ತಿದ್ದಲು ಹೋಗಬೇಡಿ. ಕೋಲಾರದ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಹೊರಳಿ, 'ಸಿಕ್ ರಿಪೋರ್ಟ್', ಅಂದರೆ ಕಾಯಿಲೆ ಬಿದ್ದ ಸಿಪಾಯಿ ಡಾಕ್ಟರ ಮುಂದೆ ಹಾಜರಾಗುವ ಮಾತು, ಬಂದ ಕೂಡಲೇ ಹಿಂದಿಗೆ ಜಿಗಿಯುತ್ತದೆ. ಹಾಗೇ ಬರೆದುಕೊಳ್ಳಿ.

ರೋಗಿಗಳ ಹೆಸರು ಬಂದರೆ ಮಾತ್ರ ಪ್ರತಿಯಲ್ಲಿ ತೆಗೆದುಹಾಕಿ. ಗಡಿಯ ಪೋಸ್ಟು, ಪಡೆಯ ಚಲನವಲನ ಕೆದಕಬೇಡಿ. ಒಪ್ಪಿಗೆಯನ್ನು ಮನೆಯವರ ಎದುರೇ ಓದಿ ಹೇಳಿ, ರುಜು ಪಡೆಯಿರಿ. ಬೇಡ ಅಂದ ಭಾಗವನ್ನು ಅಳಿಸಿ. ಫೋನಿನಲ್ಲೇ ಬಿಟ್ಟರೆ ಫೋನಿನ ಜೊತೆಗೇ ಹೋಗುತ್ತದೆ, ಎರಡು ಬೇರೆ ಜಾಗದಲ್ಲಿ ಪ್ರತಿ ಇಡಿ.

ಮುಂದಿನ ಸಾಲಿನವರಲ್ಲಿ ಎ.ಎಂ.ಸಿ.ಯಲ್ಲಿ, ಅಂದರೆ ಸೇನೆಯ ವೈದ್ಯಕೀಯ ದಳದಲ್ಲಿ, ಇದ್ದವರು ಕೈ ಎತ್ತುತ್ತೀರಾ? ಮಕ್ಕಳೇ, ನೋಡಿಕೊಳ್ಳಿ, ಊಟದ ಹೊತ್ತಿಗೆ ಇವರ ಪಕ್ಕದಲ್ಲೇ ಕೂತುಕೊಳ್ಳಿ.