ಬಾಗಿಲಲ್ಲಿ ಜ್ವರವೇ ಇರಲಿಲ್ಲ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಜಾಸ್ತಿ ಜನ ನರ್ಸಿಂಗ್ ಓದುತ್ತಿದ್ದೀರಿ. ನಾಳೆ ಎಮರ್ಜೆನ್ಸಿ ವಾರ್ಡಿನ ಬಾಗಿಲಲ್ಲಿ ರೋಗಿಯ ಮುಖ ಮೊದಲು ನೋಡುವವರು ನೀವೇ. ಅದಕ್ಕೇ ಕೊರೋನಾ ಕಾಲದಲ್ಲಿ ಆ ಬಾಗಿಲಿಗೆ ಜನ ಏನು ಹೇಳಿಕೊಂಡು ಬಂದರು ಅನ್ನುವುದನ್ನು ಇವತ್ತು ಮಾತಾಡೋಣ.

2020ರಲ್ಲಿ ಎಲ್ಲಿಗೆ ಹೋದರೂ ಹಣೆಗೆ ಥರ್ಮಲ್ ಗನ್ ಹಿಡಿಯುತ್ತಿದ್ದರು, ನೆನಪಿದೆ ಅಲ್ವಾ? ಜ್ವರ ಇಲ್ಲ ಅಂದರೆ ಒಳಗೆ ಬಿಡುತ್ತಿದ್ದರು. ಆದರೆ ಆ ವರ್ಷದ ಆರಂಭದಲ್ಲೇ ಚೀನಾದಿಂದ 1099 ರೋಗಿಗಳ ಲೆಕ್ಕ ಬಂದಿತ್ತು. ಆಸ್ಪತ್ರೆ ಸೇರುವ ಹೊತ್ತಿಗೆ ಜ್ವರ ಇದ್ದದ್ದು 100ಕ್ಕೆ 44 ಮಂದಿಗೆ ಮಾತ್ರ. ಸೇರಿದ ಮೇಲೆ ಜ್ವರ ಕಂಡವರನ್ನೂ ಕೂಡಿಸಿದರೆ 89. ಅರ್ಧಕ್ಕಿಂತ ಜಾಸ್ತಿ ಜನರ ಮೈ ಬಾಗಿಲಲ್ಲಿ ಬಿಸಿಯೇ ಇರಲಿಲ್ಲ! ಇನ್ನು ನಮ್ಮಲ್ಲಿ ಮನೆಯಲ್ಲೇ ಪ್ಯಾರಾಸಿಟಮಾಲ್ ನುಂಗಿ ಹೊರಡುವ ಅಭ್ಯಾಸ ಬೇರೆ. ಜ್ವರ ಇಲ್ಲ ಅಂತ ಬರೆಯುವ ಮೊದಲು 'ಮಾತ್ರೆ ತಗೊಂಡಿದ್ದೀರಾ, ಎಷ್ಟು ಗಂಟೆಗೆ?' ಅಂತ ಕೇಳಿ.

ಕೆಮ್ಮು, ಗಂಟಲು ನೋವು, ಮೈಕೈ ನೋವು, ಸುಸ್ತು ಎಲ್ಲರಿಗೂ ಗೊತ್ತು. ಕೆಲವರು ಬರೀ ಭೇದಿ, ವಾಂತಿ ಅಂತ ಬಂದರು. 'ಒಗ್ಗರಣೆ ಹಾಕಿದರೂ ವಾಸನೆ ಬರ್ತಿಲ್ಲ' ಅನ್ನುವ ಮಾತನ್ನು ಮೊದಮೊದಲು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ವಾಸನೆ, ರುಚಿ ಹೋಗುವುದನ್ನು ಕೇಂದ್ರ ಆರೋಗ್ಯ ಸಚಿವಾಲಯ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು 2020ರ ಜೂನ್‌ನಲ್ಲಿ.

ನನ್ನನ್ನು ಈಗಲೂ ಕಾಡುವುದು ಉಸಿರಿನ ವಿಷಯ. ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, 100ಕ್ಕೆ 80ರ ಹತ್ತಿರ ಇಳಿದಿರುತ್ತಿತ್ತು, ಮನುಷ್ಯ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿರುತ್ತಿದ್ದ. ಇದು ಹೇಗೆ ಸಾಧ್ಯ? ಉಸಿರಾಡಬೇಕು ಅನ್ನುವ ತಹತಹ ನಮಗೆ ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಾಗ ಹುಟ್ಟುತ್ತದೆ. ಈ ಕಾಯಿಲೆಯಲ್ಲಿ ಶುರುವಿಗೆ ಎಷ್ಟೋ ಜನರಿಗೆ ಅದು ಸಲೀಸಾಗಿ ಹೊರಗೆ ಹೋಗುತ್ತಿತ್ತು, ಆಕ್ಸಿಜನ್ ಮಾತ್ರ ಒಳಗೆ ಸಾಲುತ್ತಿರಲಿಲ್ಲ. ಹಾಗಾಗಿ ದಮ್ಮು ಕಟ್ಟಿದ ಹಾಗೆ ಅನಿಸುತ್ತಲೇ ಇರಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಆರಾಮಾಗಿದ್ದೇವೆ ಅಂದುಕೊಂಡಿದ್ದರು.

ಅದಕ್ಕೇ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ. 94ಕ್ಕಿಂತ ಕೆಳಗಿದ್ದರೆ ಕೂಡಲೇ ಡಾಕ್ಟರನ್ನು ಕರೆಯಿರಿ. ಮೆಹಂದಿ, ಉಗುರು ಬಣ್ಣ ಇದ್ದರೆ ಬೇರೆ ಬೆರಳು ನೋಡಿ. ಇನ್ನೊಂದು ಮಾತು: ಕಪ್ಪು ಚರ್ಮದವರಲ್ಲಿ ಈ ಯಂತ್ರ ಇರುವುದಕ್ಕಿಂತ ಜಾಸ್ತಿ ಆಕ್ಸಿಜನ್ ತೋರಿಸಬಹುದು ಅಂತ 2020ರ ಕೊನೆಗೆ ಅಮೆರಿಕದ ಅಧ್ಯಯನವೊಂದು ಎಚ್ಚರಿಸಿತು. ನಮ್ಮ ಊರಿನವರಿಗೂ ಇದು ಬೇಕಾದ ಮಾತೇ. ಯಂತ್ರ ಚೆನ್ನಾಗಿದೆ ಅಂದರೂ ಒಂದು ನಿಮಿಷ ಪೂರ್ತಿ ಎದೆ ನೋಡುತ್ತಾ ಉಸಿರು ಎಣಿಸಿ. 24 ದಾಟಿದರೆ ಸುಮ್ನೆ ಬಿಡಬೇಡಿ. ಹದಿನೈದು ಸೆಕೆಂಡು ನೋಡಿ ನಾಲ್ಕರಿಂದ ಗುಣಿಸುವುದು ಬೇಡ, ದಯವಿಟ್ಟು.

'ಎಷ್ಟನೇ ದಿನ?' ಅಂತಲೂ ಕೇಳಿ. ಟೆಸ್ಟ್ ಮಾಡಿಸಿದ ದಿನದಿಂದಲ್ಲ, ಮೊದಲು ಮೈ ಸರಿಯಿಲ್ಲ ಅನಿಸಿದ ದಿನದಿಂದ. ವುಹಾನ್‌ನ ಮೊದಲ 41 ರೋಗಿಗಳಲ್ಲಿ ಉಸಿರು ಕಟ್ಟಿದವರಿಗೆ ಅದು ಶುರುವಾದದ್ದು ಸುಮಾರು ಎಂಟನೇ ದಿನಕ್ಕೆ. ಐದನೇ ದಿನ ನಗುನಗುತ್ತಾ ಮನೆಗೆ ಹೋದವರು ಒಂಬತ್ತನೇ ದಿನ ಸ್ಟ್ರೆಚರ್ ಮೇಲೆ ಬರಬಹುದು.

ಕೊನೆಗೆ ವಯಸ್ಸಾದವರು. 'ಅಜ್ಜಿ ನಿನ್ನೆಯಿಂದ ಏನೇನೋ ಮಾತಾಡ್ತಾರೆ, ಊಟ ಬಿಟ್ಟಿದ್ದಾರೆ, ಬಚ್ಚಲಲ್ಲಿ ಬಿದ್ದರು' ಅಂತ ಕರೆತರುತ್ತಾರೆ. ಕೆಮ್ಮಿಲ್ಲ, ಜ್ವರವಿಲ್ಲ. ಅಮೆರಿಕದ ಎಮರ್ಜೆನ್ಸಿಗಳಿಗೆ ಬಂದ 817 ಹಿರಿಯ ಕೊರೋನಾ ರೋಗಿಗಳನ್ನು ನೋಡಿದಾಗ 28% ಜನರಿಗೆ ಬರುವಾಗಲೇ ಬುದ್ಧಿ ಮಂಕಾಗಿತ್ತು. ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನರಿಗೆ ಜ್ವರ, ಉಸಿರಾಟದ ತೊಂದರೆಯಂಥ ಮಾಮೂಲಿ ಲಕ್ಷಣ ಒಂದೂ ಇರಲಿಲ್ಲ. ವಯಸ್ಸಾಯಿತು, ಅರಳುಮರುಳು ಅಂತ ಮನೆಯವರೇ ಹೇಳಿಬಿಡುತ್ತಾರೆ. ನೀವು ಒಪ್ಪಬೇಡಿ. ಕರೆತಂದ ಮಗಳನ್ನು ಪಕ್ಕಕ್ಕೆ ಕರೆದು 'ಹೋದ ವಾರ ನಿಮ್ಮಮ್ಮ ಹೇಗಿದ್ದರು?' ಅಂತ ಕೇಳಿ. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಕೇಸ್ ಶೀಟಿನಲ್ಲಿ ಬರೆಯಿರಿ.