ಪಂಚಾಯಿತಿ ಲೆಕ್ಕ ಕೇಳೋಕೆ ಒಂದು ದಿನ ಇದೆ: ಜಮಾಬಂದಿ ಗೊತ್ತಾ?

ನಮಸ್ಕಾರ ಎಲ್ಲರಿಗೂ. ಹೋದ ವಿಡಿಯೋ ನೋಡಿ ಒಬ್ಬರು ಕೇಳಿದ್ದರು: "ನಮ್ಮ ಬೀದಿ ಚರಂಡಿಗೆ ಎಷ್ಟು ಖರ್ಚಾಯ್ತು ಅಂತ ಪಂಚಾಯಿತಿಯಲ್ಲಿ ಕೇಳಿದರೆ, ನಿನಗ್ಯಾಕಪ್ಪ ಅದೆಲ್ಲ ಅಂತಾರೆ. ಕೇಳೋ ಹಕ್ಕು ನನಗಿದೆಯಾ ಇಲ್ವಾ?"

ಇದೆ. ಅದಕ್ಕಂತಲೇ ವರ್ಷಕ್ಕೊಂದು ದಿನವೂ ಇದೆ.

ಅದಕ್ಕೆ ಮೊದಲು ಯಾವ ಕೆಲಸ ಯಾರದು ಅಂತ ಬೇಗ ಹೇಳಿಬಿಡುತ್ತೇನೆ, ಯಾಕಂದ್ರೆ ಜನ ಜಾಸ್ತಿ ಅಲೆಯುವುದು ಇಲ್ಲೇ. ಕುಡಿಯುವ ನೀರು, ಚರಂಡಿ, ಕಸ, ಬೀದಿದೀಪ, ಮನೆ ಕಂದಾಯ, ಇ-ಸ್ವತ್ತು (ಮನೆ, ಸೈಟಿನ ಕಂಪ್ಯೂಟರ್ ದಾಖಲೆ) ಎಲ್ಲ ಗ್ರಾಮ ಪಂಚಾಯಿತಿಯದು. ಪಹಣಿ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕು, ಅದು ಕಂದಾಯ ಇಲಾಖೆ. ಕಂಬದ ಬಲ್ಬು ಹೋದರೆ ಪಂಚಾಯಿತಿ, ಅದೇ ಕಂಬದ ವೈರು ಜೋತುಬಿದ್ದರೆ ವಿದ್ಯುತ್ ಕಂಪನಿ. ಸದಸ್ಯರು ಐದು ವರ್ಷಕ್ಕೆ ನಮ್ಮ ವೋಟಿನಿಂದ ಬಂದವರು, ಪಿಡಿಒ, ಅಂದ್ರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಸರ್ಕಾರಿ ನೌಕರರು. ಇಷ್ಟು ಸಾಕು.

[ಪರದೆ ಮೇಲೆ: ಆಗಸ್ಟ್ 16 – ಸೆಪ್ಟೆಂಬರ್ 15]

ಕರ್ನಾಟಕದಲ್ಲಿ ಪ್ರತಿ ವರ್ಷ ಈ ಒಂದು ತಿಂಗಳೊಳಗೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜಮಾಬಂದಿ ನಡೆಯಬೇಕು. ಹೊರಗಿನಿಂದ ಒಬ್ಬ ಅಧಿಕಾರಿ ಬರುತ್ತಾರೆ. ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕ, ಬಂದ ಹಣ, ಹೋದ ಹಣ, ಮಾಡಿದ ಕಾಮಗಾರಿ ಎಲ್ಲ ಜನರ ಮುಂದೆ ಇಡಬೇಕು.

ಈ ಪದ ಎಲ್ಲಿಂದ ಬಂತು ನೋಡಿ. ಹಿಂದೆ ರೈತ ಎಷ್ಟು ಕಂದಾಯ ಕಟ್ಟಬೇಕು ಅಂತ ಸರ್ಕಾರ ಗೊತ್ತುಮಾಡುವುದಕ್ಕೆ ಜಮಾಬಂದಿ ಅನ್ನುತ್ತಿದ್ದರು. ಆಗ ಲೆಕ್ಕ ಒಪ್ಪಿಸಬೇಕಾದವನು ರೈತ. ಈಗ ಲೆಕ್ಕ ಒಪ್ಪಿಸಬೇಕಾದದ್ದು ಪಂಚಾಯಿತಿ, ಕೇಳುವವರು ನಾವು. ನನಗಂತೂ ಇದು ತುಂಬಾ ಇಷ್ಟ.

ಊರ ಹಬ್ಬ ಮುಗಿದ ಮೇಲೆ ಏನಾಗುತ್ತೆ ನೆನಪಿಸಿಕೊಳ್ಳಿ. ಚಂದಾ ಎತ್ತಿದ ಹುಡುಗರು ಅರಳಿಕಟ್ಟೆ ಮೇಲೆ ಕೂತು ಹೂವಿಗಿಷ್ಟು, ಪಟಾಕಿಗಿಷ್ಟು, ಶಾಮಿಯಾನಕ್ಕಿಷ್ಟು ಅಂತ ಓದುತ್ತಾರೆ, ನೂರು ರೂಪಾಯಿ ತಾಳೆ ಆಗಲಿಲ್ಲ ಅಂದ್ರೆ ಇಡೀ ಊರು ಎದ್ದು ನಿಲ್ಲುತ್ತೆ, ಅಲ್ವಾ? ಅದೇ ಊರಲ್ಲಿ ಲಕ್ಷಗಟ್ಟಲೆ ಹಣದ ಲೆಕ್ಕ ಓದುವಾಗ ಮುಂದೆ ಖಾಲಿ ಕುರ್ಚಿಗಳು. ಇದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ಜಮಾಬಂದಿ ಕಚೇರಿಯೊಳಗೇ ಮುಗಿಯಬೇಕಿಲ್ಲ, ಕೆಲಸ ನಡೆದ ಜಾಗಕ್ಕೂ ಹೋಗಿ ನೋಡಬಹುದು. ನಾನು ಹೋಗಿದ್ದ ಒಂದು ಊರಲ್ಲಿ ಲೆಕ್ಕ ಓದುತ್ತಿದ್ದಾಗ ಒಬ್ಬ ಅಜ್ಜಿ ಎದ್ದರು. "ಸ್ವಾಮಿ, ಆ ಚರಂಡಿ ನಮ್ಮ ಮನೆ ಮುಂದೇನೇ ಇರೋದು, ಬನ್ನಿ ಅಳೆಯೋಣ" ಅಂದರು. ಎಲ್ಲರೂ ಹೊರಟರು. ಅಳತೆ ಪುಸ್ತಕ ಒಬ್ಬರ ಕೈಲಿ, ಟೇಪಿನ ತುದಿ ಒಬ್ಬ ಹುಡುಗನ ಕೈಲಿ. ಪುಸ್ತಕದ ಅಳತೆ ಇನ್ನೂ ಮುಗಿದಿರಲಿಲ್ಲ, ಚರಂಡಿ ಮುಗಿದುಹೋಗಿತ್ತು. ಹುಡುಗ ಮಣ್ಣಿನ ಮೇಲೇ ನಿಂತು ಟೇಪು ಹಿಡಿದುಕೊಂಡೇ ಇದ್ದ, ಯಾರೂ ಮಾತಾಡಲಿಲ್ಲ. ಕೊನೆಗೆ ಅಧಿಕಾರಿ ಪೆನ್ನು ತೆಗೆದು ವರದಿಯಲ್ಲಿ ಬರೆದುಕೊಂಡರು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಚರಂಡಿ ಎಲ್ಲಿಗೆ ನಿಂತಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಟೈಮ್ ಕಮ್ಮಿ ಇದೆ, ಉಳಿದದ್ದು ಒಟ್ಟಿಗೆ ಹೇಳುತ್ತೇನೆ. ಜಮಾಬಂದಿ ಆಗಿಹೋದ ಖರ್ಚಿಗೆ, ಮುಂದಿನ ಕೆಲಸ ಕೇಳುವುದಕ್ಕೆ ಗ್ರಾಮಸಭೆ. ಅದು ಆರು ತಿಂಗಳಿಗೆ ಒಂದು ಸಲವಾದರೂ ಆಗಬೇಕು. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದರ ಸದಸ್ಯರೇ, ಯಾರೂ ಕರೆಯಬೇಕಾಗಿಲ್ಲ. ನೀವು ಹೇಳಿದ್ದು ಸಭೆಯಲ್ಲಿ ಆದದ್ದನ್ನೆಲ್ಲ ಬರೆಯುವ ನಡಾವಳಿ ಪುಸ್ತಕದಲ್ಲಿ ಬಂತಾ ಅಂತ ನೋಡಿಯೇ ಎದ್ದು ಬನ್ನಿ, ಬಾಯಿಮಾತಿನ "ಆಯ್ತು ಮಾಡೋಣ" ಲೆಕ್ಕಕ್ಕಿಲ್ಲ. ಕಾಗದ ಕೊಡಲ್ಲ ಅಂದ್ರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಮನೆ ಕಂದಾಯ ಕಟ್ಟಿದರೆ ರಸೀದಿ ಇಸ್ಕೊಳ್ಳದೆ ಬರಬೇಡಿ.

ನಿಮ್ಮ ಪಂಚಾಯಿತಿಯ ಜಮಾಬಂದಿ ಯಾವತ್ತು ಅಂತ ಕಚೇರಿ ನೋಟಿಸ್ ಬೋರ್ಡ್ ನೋಡಿ, ಅಲ್ಲಿ ಇಲ್ಲ ಅಂದ್ರೆ ಪಿಡಿಒ ಅವರನ್ನೇ ಕೇಳಿ. ಟೇಪು ಬೇಕಂದ್ರೆ ಊರಲ್ಲಿ ಗಾರೆ ಕೆಲಸದವರು ಇದ್ದೇ ಇರುತ್ತಾರೆ, ಒಂದು ದಿನಕ್ಕೆ ಕೇಳಿದರೆ ಇಲ್ಲ ಅನ್ನಲ್ಲ.